ಎಡಗೈಯ ಸ್ಪಿನ್ ಕಲೆ: ರಾಜೇಶ್ವರಿ ಗಾಯಕವಾಡ ಅವರ ಕ್ರೀಡಾಜೀವನ ಮತ್ತು ವಿಜಯಪುರ ಜಿಲ್ಲೆ

೧. ವಿಷಯ ಪ್ರವೇಶ

ವಿಜಯಪುರ ಜಿಲ್ಲೆಯ ಕ್ರೀಡೆಗಳನ್ನು ಕುರಿತು ಮಾತು ಬಂದಾಗ ಹಿರಿಯರು ಸಾಮಾನ್ಯವಾಗಿ ಮೂರನ್ನು ನೆನೆಯುತ್ತಾರೆ: ಜಾತ್ರೆಯ ಕುಸ್ತಿ, ಭಾರವಾದ ಕಲ್ಲನ್ನೆತ್ತುವ ಪಂದ್ಯ ಮತ್ತು ಸೈಕಲ್ ಓಟ. ಈ ಮೂರರಲ್ಲಿಯೂ ಜಿಲ್ಲೆಗೆ ತನ್ನದೇ ಆದ ಹೆಸರುಂಟು. ಆದರೆ ಈ ನೆಲದಿಂದ ಹೊರಟು ಜಗತ್ತಿನ ಕ್ರೀಡಾಂಗಣಗಳಲ್ಲಿ ನಿಂತ ಒಬ್ಬ ಆಟಗಾರ್ತಿಯು ಈ ಮೂರನ್ನೂ ಬಿಟ್ಟು ನಾಲ್ಕನೆಯ ದಾರಿಯನ್ನು ಹಿಡಿದರು. ಅವರು ಕ್ರಿಕೆಟ್ ಆಟಗಾರ್ತಿ. ಅದರಲ್ಲಿಯೂ ಎಡಗೈಯಿಂದ ನಿಧಾನವಾಗಿ ಚೆಂಡನ್ನು ತಿರುಗಿಸುವ ಬೌಲರ್. ೧೯೯೧ರ ಜೂನ್ ೧ರಂದು ವಿಜಯಪುರದಲ್ಲಿ, ಅಂದರೆ ಅಂದಿನ ಬಿಜಾಪುರದಲ್ಲಿ, ಜನಿಸಿದ ರಾಜೇಶ್ವರಿ ಗಾಯಕವಾಡ ಅವರೇ ಈ ಆಟಗಾರ್ತಿ.

ಪ್ರಸ್ತುತ ಲೇಖನದಲ್ಲಿ ನಾವು ಅವರ ಕ್ರೀಡಾಜೀವನದ ಮುಖ್ಯ ಘಟ್ಟಗಳನ್ನು ಗುರುತಿಸಿ, ಅದರ ಹಿನ್ನೆಲೆಯಲ್ಲಿ ಎಡಗೈ ಬೌಲಿಂಗಿನ ಸ್ವರೂಪವನ್ನು ವಿವರಿಸಲು ಉದ್ದೇಶಿಸಿದ್ದೇವೆ. ನಮ್ಮ ಮುಖ್ಯ ಪ್ರಶ್ನೆ ಇಷ್ಟು: ಎಡಗೈ ಎಂಬುದು ಹುಟ್ಟಿನಿಂದ ಬಂದ ಗುಣ, ಆ ಗುಣವು ಒಂದು ವೃತ್ತಿಯಾಗಿ ಬೆಳೆಯಬೇಕಾದರೆ ಹುಟ್ಟಿನ ಹೊರತಾಗಿ ಇನ್ನೇನು ಬೇಕು? ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ಬೇರೆಯಾದ ಮೇಲೆ ವಿಜಯಪುರ ಜಿಲ್ಲೆಯಲ್ಲಿ ಜಿಲ್ಲಾ ಕೇಂದ್ರದ ತಾಲ್ಲೂಕಿನ ಜೊತೆಗೆ ಉಳಿದವು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳು. ಅನಂತರ ಇವುಗಳಿಂದ ಹೊಸ ತಾಲ್ಲೂಕುಗಳು ಹುಟ್ಟಿಕೊಂಡಿವೆಯಾದರೂ ಈ ನಾಲ್ಕು ಊರುಗಳ ಶಾಲಾ ಕಾಲೇಜುಗಳೇ ಜಿಲ್ಲಾ ಕೇಂದ್ರದ ಹೊರಗಿನ ಮಕ್ಕಳಿಗೆ ಮುಖ್ಯ ಆಶ್ರಯವಾಗಿವೆ. ಆದುದರಿಂದ ಈ ಪ್ರಶ್ನೆಯನ್ನು ಅಲ್ಲಿಯ ಅಧ್ಯಾಪಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

೨. ರೊಡ್ಡಗೈ

ನಮ್ಮ ಸೀಮೆಯ ಆಡುಮಾತಿನಲ್ಲಿ ಎಡಗೈಯನ್ನು ರೊಡ್ಡಗೈ ಎನ್ನುವ ರೂಢಿಯುಂಟು. ಈ ಮಾತಿನಲ್ಲಿ ಸ್ವಲ್ಪ ಹಾಸ್ಯವೂ ಸ್ವಲ್ಪ ಆಕ್ಷೇಪವೂ ಬೆರೆತಿವೆ. ಊಟಕ್ಕೆ ಬಡಿಸುವುದು, ಹಣ ಕೊಡುವುದು, ಪ್ರಸಾದ ಸ್ವೀಕರಿಸುವುದು ಇವೆಲ್ಲ ಬಲಗೈಯಿಂದಲೇ ಆಗಬೇಕು ಎಂಬ ಕಟ್ಟಳೆ ಮನೆಮನೆಯಲ್ಲಿ ಇದೆ. ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಕೈಯಿಂದ ಅದನ್ನು ಕಿತ್ತು ಬಲಗೈಗೆ ಕೊಡುವುದನ್ನು ಹಿಂದಿನ ತಲೆಮಾರಿನವರು ಶಿಕ್ಷಣದ ಅಂಗವೆಂದೇ ಭಾವಿಸಿದ್ದರು. ಜಗತ್ತಿನಾದ್ಯಂತ ನಡೆದ ಅಧ್ಯಯನಗಳ ಪ್ರಕಾರ ನೂರು ಜನರಲ್ಲಿ ಸುಮಾರು ಹತ್ತು ಜನ ಎಡಗೈಯವರು. ಅಂದರೆ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ನಾಲ್ವರು ಹಾಗೆ ಇರುವುದು ಸಹಜ. ಅಷ್ಟು ಮಂದಿ ನಮ್ಮ ಕಣ್ಣಿಗೆ ಬೀಳದಿದ್ದರೆ, ಅವರು ಇಲ್ಲವೆಂದು ಅರ್ಥವಲ್ಲ. ತಿದ್ದಲ್ಪಟ್ಟಿರಬಹುದು ಎಂದು ಅರ್ಥ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೈಯ ಒಲವು ಎಲ್ಲ ಕೆಲಸಗಳಿಗೂ ಒಂದೇ ಆಗಿರುವುದಿಲ್ಲ. ರಾಜೇಶ್ವರಿ ಅವರು ಚೆಂಡನ್ನು ಎಸೆಯುವುದು ಎಡಗೈಯಿಂದ. ಆದರೆ ಬ್ಯಾಟ್ ಹಿಡಿಯುವುದು ಬಲಗೈ ದಾಂಡಿಗರಂತೆ. ಸಚಿನ್ ತೆಂಡೂಲ್ಕರ್ ಅವರು ಬ್ಯಾಟಿಂಗ್ ಬೌಲಿಂಗ್ ಎರಡರಲ್ಲಿಯೂ ಬಲಗೈಯವರು. ಬರೆಯುವುದು ಮಾತ್ರ ಎಡಗೈಯಿಂದ. ಆದುದರಿಂದ ಬರೆಯುವ ಕೈಯನ್ನು ನೋಡಿ ಎಸೆಯುವ ಕೈಯನ್ನು ನಿರ್ಧರಿಸಲಾಗದು. ಬಳಪವನ್ನು ಬಲಗೈಗೆ ಬದಲಿಸಿದ ಮಗುವೂ ಬಯಲಿನಲ್ಲಿ ಕಲ್ಲು ಎಸೆಯುವಾಗ ಎಡಗೈಯನ್ನೇ ಎತ್ತಬಹುದು. ಈ ಸಣ್ಣ ಭೇದವನ್ನು ತಿಳಿದ ಅಧ್ಯಾಪಕನಿಗೆ ಆಟದ ಬಯಲು ತರಗತಿಗಿಂತ ಹೆಚ್ಚಿನದನ್ನು ಹೇಳುತ್ತದೆ.

೩. ಎಡಗೈ ಸ್ಪಿನ್ನಿನ ಸ್ವರೂಪ

ಕ್ರಿಕೆಟ್ಟಿನಲ್ಲಿ ಎಡಗೈ ಸ್ಪಿನ್ನರ್‌ಗೆ ಬೆಲೆ ಬಂದುದು ಕೇವಲ ಅಪರೂಪತೆಯಿಂದಲ್ಲ. ಚೆಂಡು ತಿರುಗುವ ದಿಕ್ಕಿನಿಂದ. ಬೆರಳಿನಿಂದ ಚೆಂಡನ್ನು ತಿರುಗಿಸುವ ಬಲಗೈ ಬೌಲರನ ಚೆಂಡು ಬಲಗೈ ದಾಂಡಿಗನ ಕಡೆಗೆ, ಅಂದರೆ ಅವನ ಮೈಯತ್ತ, ಒಳಕ್ಕೆ ಬರುತ್ತದೆ. ಅದೇ ಬೆರಳಿನ ಕೆಲಸವನ್ನು ಎಡಗೈಯವರು ಮಾಡಿದಾಗ ಚೆಂಡು ನೆಲಕ್ಕೆ ತಾಗಿ ಬಲಗೈ ದಾಂಡಿಗನಿಂದ ಹೊರಕ್ಕೆ ಸರಿಯುತ್ತದೆ. ದಾಂಡಿಗರಲ್ಲಿ ಹೆಚ್ಚಿನವರು ಬಲಗೈಯವರೇ ಆದುದರಿಂದ ಈ ಹೊರಸರಿತ ಬೌಲರಿಗೆ ಒಂದು ದೊಡ್ಡ ಅನುಕೂಲ. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಸ್ಲಿಪ್ಪಿನಲ್ಲಿ ನಿಂತವರ ಕೈಗೆ ಹೋಗುತ್ತದೆ. ಮುಂದೆ ಬಂದು ಹೊಡೆಯಲು ಹೋಗಿ ತಪ್ಪಿದರೆ ವಿಕೆಟ್ ಕೀಪರ್ ಸ್ಟಂಪ್ ಮಾಡಲು ಕಾದಿರುತ್ತಾರೆ.

ಮಣಿಕಟ್ಟಿನಿಂದ ತಿರುಗಿಸುವ ಬಲಗೈಯ ಲೆಗ್ ಸ್ಪಿನ್ನರನ ಚೆಂಡೂ ಇದೇ ದಿಕ್ಕಿಗೆ ತಿರುಗುವುದೆಂಬುದು ನಿಜ. ಆದರೆ ಮಣಿಕಟ್ಟಿನ ಕೆಲಸವು ಕಠಿಣ. ಅದರಲ್ಲಿ ಗುರಿ ತಪ್ಪುವ ಸಂಭವ ಹೆಚ್ಚು. ಎಡಗೈಯವರು ಅದೇ ದಿಕ್ಕನ್ನು ಬೆರಳಿನಿಂದ, ಹೆಚ್ಚು ಹತೋಟಿಯಿಂದ, ಸಾಧಿಸುತ್ತಾರೆ. ಜೊತೆಗೆ ಅವರು ಸಾಮಾನ್ಯವಾಗಿ ವಿಕೆಟ್ಟಿನ ತಮ್ಮ ಎಡಬದಿಯಿಂದ ಚೆಂಡನ್ನು ಬಿಡುವುದರಿಂದ ಚೆಂಡು ಗಾಳಿಯಲ್ಲಿ ದಾಂಡಿಗನ ಕಡೆಗೆ ಬರುತ್ತದೆ, ನೆಲ ತಾಗಿದ ಮೇಲೆ ದೂರ ಹೋಗುತ್ತದೆ. ನಡುನಡುವೆ ತಿರುಗದೆ ನೇರವಾಗಿ ನುಗ್ಗುವ ಒಂದು ಚೆಂಡನ್ನು ಬಿಟ್ಟರೆ, ಹೊರಕ್ಕೆ ಹೋಗುವುದೆಂದು ನಂಬಿದ ದಾಂಡಿಗನು ಬೌಲ್ಡ್ ಆಗುತ್ತಾನೆ, ಇಲ್ಲವೆ ಎಲ್‌ಬಿಡಬ್ಲ್ಯು ಆಗುತ್ತಾನೆ. ಒಂದೇ ಕೈಚಲನೆಯಿಂದ ಎರಡು ಫಲಗಳನ್ನು ಪಡೆಯುವ ಈ ಉಪಾಯವೇ ಎಡಗೈ ಸ್ಪಿನ್ನಿನ ಸಾರ.

ಈ ದಿಕ್ಕಿನ ಮಹತ್ವವನ್ನು ತೋರಿಸುವ ಒಂದು ಪ್ರಸಂಗ ಕರ್ನಾಟಕದ ಕ್ರಿಕೆಟ್ ಚರಿತ್ರೆಯಲ್ಲಿಯೇ ಇದೆ. ೧೯೮೧-೮೨ನೆಯ ಸಾಲಿನ ರಣಜಿ ಟ್ರೋಫಿಯ ಸೆಮಿಫೈನಲ್ ಪಂದ್ಯದಲ್ಲಿ, ಬೆಂಗಳೂರಿನ ಚೆಂಡು ತಿರುಗುವ ಅಂಕಣದ ಮೇಲೆ, ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಮ ಭಟ್ಟರು ಮುಂಬಯಿ ತಂಡವನ್ನು ಕಾಡಿದರು. ಆಗ ಜನ್ಮತಃ ಬಲಗೈ ದಾಂಡಿಗರಾದ ಸುನಿಲ್ ಗಾವಸ್ಕರರು ಭಟ್ಟರ ಬೌಲಿಂಗಿಗೆ ಎಡಗೈ ದಾಂಡಿಗರಂತೆ ತಿರುಗಿ ನಿಂತು ಆಡಿದರು. ಹೊರಕ್ಕೆ ಹೋಗುವ ಚೆಂಡನ್ನು ಒಳಕ್ಕೆ ಬರುವ ಚೆಂಡಾಗಿ ಮಾಡಿಕೊಳ್ಳುವುದೇ ಅವರ ಉದ್ದೇಶ. ಅಂತಹ ನಿಪುಣರೇ ತಮ್ಮ ನಿಲುವನ್ನು ಬದಲಿಸಬೇಕಾಯಿತೆಂದರೆ ಆ ದಿಕ್ಕಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಅಮೆರಿಕದ ಬೇಸ್‌ಬಾಲ್ ಆಟದೊಡನೆ ಹೋಲಿಸಿದರೆ ವಿಷಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಚೆಂಡೆಸೆಯುವ ಪಿಚರನಿಗೂ ದಾಂಡಿಗನ ನೆಲೆಗೂ ನಡುವಣ ಅಂತರ ೬೦ ಅಡಿ ೬ ಅಂಗುಲ. ಕ್ರಿಕೆಟ್ಟಿನ ಎರಡು ವಿಕೆಟ್ಟುಗಳ ನಡುವಣ ಅಂತರ ೨೨ ಗಜ, ಅಂದರೆ ೬೬ ಅಡಿ. ಅಂತರ ಹೆಚ್ಚುಕಡಮೆ ಸಮಾನವಾದರೂ ಬೇಸ್‌ಬಾಲಿನಲ್ಲಿ ಚೆಂಡು ನೆಲವನ್ನು ತಾಗುವುದಿಲ್ಲ. ತಿರುವು ಎಲ್ಲವೂ ಗಾಳಿಯಲ್ಲಿ. ಅಲ್ಲಿ ಎಡಗೈ ಪಿಚರನ ಬಾಗುವ ಚೆಂಡು ಎಡಗೈ ದಾಂಡಿಗನಿಂದ ಹೊರಕ್ಕೆ ಹೋಗುತ್ತದೆ. ಆದುದರಿಂದ ಎದುರು ತಂಡದ ಎಡಗೈ ದಾಂಡಿಗರನ್ನು ಕಟ್ಟಿಹಾಕಲು ಎಡಗೈಯ ಪಿಚರನನ್ನು ತರುತ್ತಾರೆ. ಎಸೆತಕ್ಕೆ ಅಣಿಯಾಗಿ ನಿಂತಾಗ ಅವನ ಮುಖ ಮೊದಲನೆಯ ಬೇಸಿನತ್ತ ಇರುವುದರಿಂದ ಅಲ್ಲಿಂದ ಓಡಲು ಹವಣಿಸುವವನ ಮೇಲೂ ಕಣ್ಣಿಡಬಹುದು. ಹೀಗೆ ಎರಡು ಆಟಗಳಲ್ಲಿಯೂ ಎಡಗೈಗೆ ಬೆಲೆಯುಂಟು. ಕಾರಣಗಳು ಮಾತ್ರ ಬೇರೆ.

ಭಾರತದ ಒಬ್ಬ ಎಡಗೈ ತರುಣನು ಆ ಆಟಕ್ಕೂ ಹೋದುದುಂಟು. ಉತ್ತರ ಪ್ರದೇಶದ ರಿಂಕು ಸಿಂಗ್ ಎಂಬ ಜಾವೆಲಿನ್ ಎಸೆತಗಾರರು ೨೦೦೮ರಲ್ಲಿ ವೇಗವಾಗಿ ಚೆಂಡೆಸೆಯುವವರನ್ನು ಹುಡುಕಲು ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಗೆದ್ದು, ಅದೇ ವರ್ಷ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ೨೦೦೯ರಿಂದ ಅಲ್ಲಿಯ ಕೆಳ ಹಂತದ ವೃತ್ತಿಪರ ಲೀಗುಗಳಲ್ಲಿ ಆಡಿದರು. ಆದರೆ ಗಾಯಗಳ ಕಾರಣದಿಂದ ಅವರು ಅತ್ಯುನ್ನತ ಹಂತವನ್ನು ಮುಟ್ಟಲಿಲ್ಲ. ಕೈ ಎಷ್ಟೇ ಬಲವಾದುದಾಗಿದ್ದರೂ ಆಟದ ಸಂಸ್ಕಾರವು ಎಳೆತನದಿಂದ ದೊರೆಯದಿದ್ದರೆ ಮುಂದಿನ ದಾರಿ ಕಡಿದಾಗುವುದೆಂಬುದು ಈ ಉದಾಹರಣೆಯಿಂದ ತಿಳಿಯುತ್ತದೆ.

೪. ಕ್ರೀಡಾಜೀವನದ ಘಟ್ಟಗಳು

ಭಾರತದ ಮಹಿಳಾ ಕ್ರಿಕೆಟ್ಟಿನಲ್ಲಿ ಎಡಗೈ ಸ್ಪಿನ್ನಿಗೆ ದೀರ್ಘವಾದ ಪರಂಪರೆಯಿದೆ. ಡಯಾನಾ ಎಡುಲ್ಜಿಯವರು ಮೊದಲ ತಲೆಮಾರಿನ ಪ್ರಮುಖರು. ನೀತು ಡೇವಿಡ್ ಅವರು ೧೯೯೫ರಲ್ಲಿ ಜಮ್‌ಶೆಡ್‌ಪುರದಲ್ಲಿ ಇಂಗ್ಲೆಂಡಿನ ಎದುರು ಒಂದೇ ಇನಿಂಗ್ಸಿನಲ್ಲಿ ೫೩ ರನ್ನುಗಳಿಗೆ ೮ ವಿಕೆಟ್ ಪಡೆದರು. ಉತ್ತರ ಕರ್ನಾಟಕದ ಪುರುಷರ ಪೈಕಿ ಗದಗಿನ ಸುನಿಲ್ ಜೋಶಿಯವರು ೧೯೯೯ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ೧೦ ಓವರುಗಳಲ್ಲಿ ಕೇವಲ ೬ ರನ್ ಕೊಟ್ಟು ೫ ವಿಕೆಟ್ ಗಳಿಸಿದುದು ಸ್ಮರಣೀಯ. ಈ ಪರಂಪರೆಯ ಮುಂದುವರಿಕೆಯಾಗಿ ರಾಜೇಶ್ವರಿ ಅವರನ್ನು ನೋಡಬೇಕು.

ಕರ್ನಾಟಕದ ಪರವಾಗಿ ಆಡಿ ಬೆಳೆದ ಅವರು ೨೦೧೪ರ ಜನವರಿಯಲ್ಲಿ ಶ್ರೀಲಂಕಾ ಎದುರು ಭಾರತ ತಂಡದಲ್ಲಿ ಮೊದಲ ಬಾರಿಗೆ ಆಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಮೈಸೂರಿನಲ್ಲಿ ದಕ್ಷಿಣ ಆಫ್ರಿಕದ ಎದುರು ಮೊದಲ ಟೆಸ್ಟ್ ಪಂದ್ಯ. ಭಾರತವು ಆ ಪಂದ್ಯವನ್ನು ಇನಿಂಗ್ಸ್ ಅಂತರದಿಂದ ಗೆದ್ದಿತು. ಆದರೆ ಆ ಗೆಲುವಿನ ಅನಂತರ ಭಾರತದ ಮಹಿಳೆಯರಿಗೆ ಮುಂದಿನ ಟೆಸ್ಟ್ ಪಂದ್ಯ ದೊರೆತುದು ೨೦೨೧ರ ಜೂನ್‌ನಲ್ಲಿ. ಬೌಲರೊಬ್ಬರ ತಾಳ್ಮೆಯನ್ನೂ ಉಪಾಯವನ್ನೂ ಪೂರ್ಣವಾಗಿ ಪರೀಕ್ಷಿಸುವ ಆಟ ಟೆಸ್ಟ್ ಕ್ರಿಕೆಟ್. ಇಪ್ಪತ್ತಮೂರರಿಂದ ಮೂವತ್ತರವರೆಗಿನ ತಮ್ಮ ವಯಸ್ಸಿನಲ್ಲಿ ರಾಜೇಶ್ವರಿ ಅವರಿಗೆ ಆ ಅವಕಾಶವೇ ಇರಲಿಲ್ಲ. ಅವರ ಅಂಕಿ ಅಂಶಗಳನ್ನು ಓದುವವರು ಈ ಮಾತನ್ನು ಮರೆಯಲಾಗದು.

೨೦೧೭ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ ಅವರ ಜೀವನದ ಮಹತ್ವದ ಘಟ್ಟ. ಆ ಕೂಟದ ಆರಂಭದ ಪಂದ್ಯಗಳಲ್ಲಿ ತಂಡವು ಮತ್ತೊಬ್ಬ ಎಡಗೈ ಸ್ಪಿನ್ನರ್ ಏಕ್ತಾ ಬಿಷ್ಟ್ ಅವರನ್ನು ಆಡಿಸಿತು. ಅವರು ಪಾಕಿಸ್ತಾನದ ಎದುರು ೧೮ ರನ್ನಿಗೆ ೫ ವಿಕೆಟ್ ಪಡೆದಿದ್ದರು. ಹೀಗಾಗಿ ರಾಜೇಶ್ವರಿ ಅವರು ಹೊರಗೆ ಕಾಯಬೇಕಾಯಿತು. ಜುಲೈ ೧೫ರಂದು ಡರ್ಬಿಯಲ್ಲಿ ನ್ಯೂಜಿಲೆಂಡಿನ ಎದುರು ನಡೆದ ಪಂದ್ಯದಲ್ಲಿ ಸೋತವರು ಕೂಟದಿಂದ ಹೊರಬೀಳುವ ಸ್ಥಿತಿ ಇತ್ತು. ಅಂದು ಅವರಿಗೆ ಅವಕಾಶ ದೊರೆಯಿತು. ಮಿಥಾಲಿ ರಾಜ್ ಅವರ ೧೦೯ ಮತ್ತು ಕಡೂರಿನ ವೇದಾ ಕೃಷ್ಣಮೂರ್ತಿಯವರ ೭೦ ರನ್ನುಗಳ ನೆರವಿನಿಂದ ಭಾರತ ೨೬೫ ರನ್ ಗಳಿಸಿತು. ಉತ್ತರವಾಗಿ ನ್ಯೂಜಿಲೆಂಡ್ ೭೯ಕ್ಕೆ ಕುಸಿಯಿತು. ರಾಜೇಶ್ವರಿ ಅವರು ೭.೩ ಓವರುಗಳಲ್ಲಿ ೧೫ ರನ್ನಿಗೆ ೫ ವಿಕೆಟ್ ಪಡೆದರು. ಇಬ್ಬರು ಕನ್ನಡತಿಯರು ಒಂದೇ ದಿನ ತಂಡವನ್ನು ಸೆಮಿಫೈನಲ್ಲಿಗೆ ಒಯ್ದ ಪಂದ್ಯವಿದು.

ಜುಲೈ ೨೩ರಂದು ಲಾರ್ಡ್ಸ್ ಮೈದಾನದಲ್ಲಿ ಫೈನಲ್ ನಡೆಯಿತು. ಇಂಗ್ಲೆಂಡಿನ ಮೊದಲ ವಿಕೆಟ್ಟನ್ನು ಉರುಳಿಸಿದವರು ರಾಜೇಶ್ವರಿ ಅವರೇ. ಭಾರತವು ೨೨೯ ರನ್ನುಗಳ ಗುರಿಯನ್ನು ಬೆನ್ನಟ್ಟಿ ೩ ವಿಕೆಟ್ಟಿಗೆ ೧೯೧ರವರೆಗೆ ತಲುಪಿ, ಆಮೇಲೆ ಕೇವಲ ೨೮ ರನ್ನುಗಳ ಅಂತರದಲ್ಲಿ ಉಳಿದ ಏಳು ವಿಕೆಟ್ಟುಗಳನ್ನು ಕಳೆದುಕೊಂಡಿತು. ಕೊನೆಯವರಾಗಿ ಬೌಲ್ಡ್ ಆದವರು ರಾಜೇಶ್ವರಿ. ಒಂಬತ್ತು ರನ್ನುಗಳಿಂದ ವಿಶ್ವಕಪ್ ಕೈತಪ್ಪಿತು. ಒಂದೇ ಪಂದ್ಯದಲ್ಲಿ ಮೊದಲ ವಿಕೆಟ್ ಪಡೆದವರೂ ಕೊನೆಯ ವಿಕೆಟ್ಟಾಗಿ ಹೋದವರೂ ಅವರೇ ಆದುದು ಆಟದ ನಿಷ್ಠುರತೆಯನ್ನು ತೋರಿಸುತ್ತದೆ.

ಅನಂತರದ ವರ್ಷಗಳಲ್ಲಿ ಅವರ ಹೆಸರು ಹಲವು ಗೆಲುವುಗಳೊಡನೆ ಸೇರಿದೆ. ೨೦೨೧ರ ಮಾರ್ಚ್‌ನಲ್ಲಿ ಲಖನೌದಲ್ಲಿ ದಕ್ಷಿಣ ಆಫ್ರಿಕದ ಎದುರು ಇಪ್ಪತ್ತು ಓವರುಗಳ ಪಂದ್ಯದಲ್ಲಿ ೯ ರನ್ನಿಗೆ ೩ ವಿಕೆಟ್. ೨೦೨೨ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ಎದುರು ೩೧ ರನ್ನಿಗೆ ೪ ವಿಕೆಟ್. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ತಂಡದ ಸದಸ್ಯತ್ವ. ಅಕ್ಟೋಬರ್‌ನಲ್ಲಿ ಏಷ್ಯಾ ಕಪ್ ಫೈನಲ್ಲಿನಲ್ಲಿ ೧೬ ರನ್ನಿಗೆ ೨ ವಿಕೆಟ್. ೨೦೨೩ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್ಲಿನಲ್ಲಿ ಶ್ರೀಲಂಕಾ ಎದುರು ೨೦ ರನ್ನಿಗೆ ೨ ವಿಕೆಟ್ ಪಡೆದು ಚಿನ್ನದ ಪದಕ ಗೆದ್ದ ತಂಡದಲ್ಲಿ ಪಾಲುಗೊಂಡರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ಆಸ್ಟ್ರೇಲಿಯವನ್ನು ಟೆಸ್ಟ್ ಪಂದ್ಯದಲ್ಲಿ ಮೊದಲ ಬಾರಿಗೆ ಸೋಲಿಸಿದಾಗಲೂ ಅವರು ತಂಡದಲ್ಲಿದ್ದರು.

೫. ಮನೆ, ಉದ್ಯೋಗ ಮತ್ತು ಆಟ

ಆಟದ ಅಂಕಿಗಳನ್ನು ಮಾತ್ರ ನೋಡಿದವರಿಗೆ ಈ ಜೀವನದ ಒಂದು ಮುಖ ಕಾಣದೆ ಹೋಗುತ್ತದೆ. ರಾಜೇಶ್ವರಿ ಅವರು ೨೦೧೪ರಲ್ಲಿ, ಅಂದರೆ ಭಾರತ ತಂಡವನ್ನು ಸೇರಿದ ವರ್ಷವೇ, ತಂದೆಯನ್ನು ಕಳೆದುಕೊಂಡರು. ೨೦೧೭ರ ವಿಶ್ವಕಪ್ಪಿನಿಂದ ಮರಳಿದ ಮೇಲೆ ಸನ್ಮಾನದ ಅಂಗವಾಗಿ ರಾಜ್ಯದ ಸಚಿವರೊಬ್ಬರು ಸುಮಾರು ಐದು ಲಕ್ಷ ರೂಪಾಯಿ ಬೆಲೆಯ ಕಾರನ್ನು ಕೊಡಲು ಮುಂದಾದರು. ಅವರು ಅದನ್ನು ವಿನಯದಿಂದ ನಿರಾಕರಿಸಿ, ಕುಟುಂಬಕ್ಕೆ ಕಾರಿಗಿಂತ ಮೊದಲು ಸ್ವಂತ ಮನೆಯೊಂದು ಬೇಕು ಎಂದರು. ಆಗ ಇದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಮ್ಮ ದೃಷ್ಟಿಯಲ್ಲಿ ಅದು ಸುದ್ದಿಗಿಂತ ಹೆಚ್ಚಿನದು. ವಿಶ್ವಕಪ್ ಫೈನಲ್ ಆಡಿ ಬಂದ ಆಟಗಾರ್ತಿಯ ಮೊದಲ ಅಗತ್ಯ ಸೂರು ಎಂಬುದು, ನಮ್ಮ ಊರುಗಳಲ್ಲಿ ಆಟವನ್ನು ವೃತ್ತಿಯಾಗಿ ಹಿಡಿಯುವ ಹೆಣ್ಣುಮಕ್ಕಳು ಎಂತಹ ನೆಲದ ಮೇಲೆ ನಿಂತಿದ್ದಾರೆಂಬುದನ್ನು ಸ್ಪಷ್ಟಪಡಿಸುತ್ತದೆ.

ಈ ನೆಲವನ್ನು ಗಟ್ಟಿಗೊಳಿಸಿದ ಸಂಗತಿಗಳನ್ನೂ ಗುರುತಿಸಬೇಕು. ಮೊದಲನೆಯದು ರೈಲ್ವೆ ಇಲಾಖೆಯ ಉದ್ಯೋಗ. ೨೦೧೭ರ ವಿಶ್ವಕಪ್ ತಂಡದ ಹದಿನೈದು ಮಂದಿಯಲ್ಲಿ ಹತ್ತು ಮಂದಿ ರೈಲ್ವೆಯ ನೌಕರರು. ರಾಜೇಶ್ವರಿ ಅವರೂ ಅವರಲ್ಲಿ ಒಬ್ಬರು. ತಿಂಗಳ ಸಂಬಳದ ಭರವಸೆ ಇಲ್ಲದಿದ್ದರೆ ಇವರಲ್ಲಿ ಎಷ್ಟು ಮಂದಿ ಆಟವನ್ನು ಮುಂದುವರಿಸುತ್ತಿದ್ದರು ಎಂಬುದು ಯೋಚಿಸಬೇಕಾದ ಪ್ರಶ್ನೆ. ಎರಡನೆಯದು ಕ್ರಿಕೆಟ್ ಮಂಡಳಿಯ ನೆರವು. ಮಹಿಳಾ ಕ್ರಿಕೆಟ್ ೨೦೦೬ರಲ್ಲಿ ಮಂಡಳಿಯ ಆಡಳಿತಕ್ಕೆ ಬಂದಿತು. ೨೦೧೫ರಲ್ಲಿ ಆಟಗಾರ್ತಿಯರಿಗೆ ವಾರ್ಷಿಕ ಒಪ್ಪಂದಗಳು ಆರಂಭವಾದವು. ೨೦೨೨ರಲ್ಲಿ ಪುರುಷರಿಗೂ ಮಹಿಳೆಯರಿಗೂ ಪಂದ್ಯದ ಸಂಭಾವನೆಯನ್ನು ಸಮಗೊಳಿಸಲಾಯಿತು. ೨೦೨೩ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾದಾಗ ಯುಪಿ ವಾರಿಯರ್ಸ್ ತಂಡವು ರಾಜೇಶ್ವರಿ ಅವರನ್ನು ೪೦ ಲಕ್ಷ ರೂಪಾಯಿಗಳಿಗೆ ಪಡೆಯಿತು. ಮನೆಯನ್ನು ಕೇಳಿದ ದಿನಕ್ಕೂ ಈ ಹರಾಜಿಗೂ ನಡುವೆ ಆರು ವರ್ಷಗಳೂ ಇರಲಿಲ್ಲ. ಕೈ ಅದೇ ಕೈ. ಬದಲಾದುದು ಅದರ ಸುತ್ತಣ ವ್ಯವಸ್ಥೆ.

೬. ನಾಲ್ಕು ತಾಲ್ಲೂಕುಗಳ ಪ್ರಶ್ನೆ

ಈಗ ನಮ್ಮ ಮೂಲ ಪ್ರಶ್ನೆಗೆ ಮರಳೋಣ. ರಾಜೇಶ್ವರಿ ಅವರು ಜಿಲ್ಲಾ ಕೇಂದ್ರದವರು. ಅಂತಹ ಕೈಯುಳ್ಳ ಹುಡುಗಿಯು ಮುದ್ದೇಬಿಹಾಳದಲ್ಲಿ ಹುಟ್ಟಿದ್ದರೆ? ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ಸುಮಾರು ೪೫ ಕಿಲೋಮೀಟರ್. ಇಂಡಿ, ಸಿಂದಗಿಗಳಿಂದ ಅದಕ್ಕಿಂತ ಹೆಚ್ಚು. ಮುದ್ದೇಬಿಹಾಳದಿಂದ ಸುಮಾರು ೮೦. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲು ಮಾರ್ಗವೂ ಇಲ್ಲ. ಸುನಿಲ್ ಜೋಶಿಯವರು ಬಾಲ್ಯದಲ್ಲಿ ಗದಗಿನಿಂದ ಸುಮಾರು ೬೦ ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಮುಂಜಾನೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ಮರಳುತ್ತಿದ್ದರೆಂದು ಪ್ರಸಿದ್ಧವಾಗಿದೆ. ಗಂಡುಮಗನಿಗೆ ಮನೆಯವರು ಒಪ್ಪಬಹುದಾದ ಈ ಪ್ರಯಾಣವನ್ನು ಹೆಣ್ಣುಮಗಳಿಗೆ ಎಷ್ಟು ಮನೆಗಳು ಒಪ್ಪುತ್ತವೆ? ಆದುದರಿಂದ ಅಭ್ಯಾಸವು ಅವಳ ಊರಿಗೇ ಬರಬೇಕು.

ಅಧ್ಯಾಪಕರು ಕೈಗೊಳ್ಳಬಹುದಾದ ಮೂರು ಕೆಲಸಗಳನ್ನು ನಾವು ಸೂಚಿಸಬಯಸುತ್ತೇವೆ. ಮೊದಲನೆಯದಾಗಿ, ವರ್ಷಾರಂಭದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿನಿಗೂ ಒಂದು ಚೆಂಡನ್ನು ಕೊಟ್ಟು, ಏನನ್ನೂ ಹೇಳದೆ, ನೆಟ್ಟ ಗೂಟಕ್ಕೆ ಎಸೆಯಿಸಿ, ಯಾವ ಕೈಯಿಂದ ಎಸೆದಳೆಂಬುದನ್ನು ದಾಖಲಿಸಬೇಕು. ಇದಕ್ಕೆ ಖರ್ಚಿಲ್ಲ, ಒಂದು ಗಂಟೆ ಸಾಕು. ಎರಡನೆಯದಾಗಿ, ಕಾಲೇಜಿನ ಬಯಲು ವಾರದಲ್ಲಿ ಕೆಲವು ಹೊತ್ತಾದರೂ ಹುಡುಗಿಯರಿಗೆಂದೇ ಮೀಸಲಾಗಿರಬೇಕು. ಆ ಹೊತ್ತು ಹಳ್ಳಿಗೆ ಮರಳುವ ಕೊನೆಯ ಬಸ್ಸಿಗೆ ಮೊದಲೇ ಮುಗಿಯುವಂತಿರಬೇಕು. ಮೂರನೆಯದಾಗಿ, ಕ್ರೀಡಾ ಮೀಸಲಾತಿಯ ಉದ್ಯೋಗಗಳ ವಿವರವನ್ನು ವಿದ್ಯಾರ್ಥಿನಿಯರಿಗೂ ಅವರ ತಂದೆತಾಯಿಗಳಿಗೂ ತಿಳಿಸಬೇಕು. ಆಟದಿಂದ ಅನ್ನ ಹುಟ್ಟುವುದೆಂಬ ನಂಬಿಕೆ ಬಂದಲ್ಲದೆ ಮನೆಯವರು ಮಗಳನ್ನು ಬಯಲಿಗೆ ಕಳಿಸಲಾರರು.

೨೦೨೫ರ ನವೆಂಬರ್ ೨ರಂದು ಭಾರತದ ಮಹಿಳೆಯರು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು ೫೨ ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಗೆದ್ದರು. ಆ ತಂಡದಲ್ಲಿ ರಾಜೇಶ್ವರಿ ಅವರು ಇರಲಿಲ್ಲ. ಆದರೆ ಎಡಗೈ ಸ್ಪಿನ್ ಇತ್ತು: ಆಂಧ್ರದ ಕಡಪ ಜಿಲ್ಲೆಯ ಶ್ರೀಚರಣಿ ಅವರು ಆ ಕೂಟದಲ್ಲಿ ೧೪ ವಿಕೆಟ್ ಪಡೆದರು. ೨೦೧೭ರಲ್ಲಿ ಒಂಬತ್ತು ರನ್ನುಗಳಿಂದ ತಪ್ಪಿದುದು ಎಂಟು ವರ್ಷಗಳ ಮೇಲೆ ಕೈಗೂಡಿತು. ಕಡಪದಂತಹ ಜಿಲ್ಲೆಯಿಂದ ಬಂದ ಕೈ ಇಂಡಿಯಿಂದಲೋ ಸಿಂದಗಿಯಿಂದಲೋ ಬರಲಾರದೆಂಬುದಕ್ಕೆ ಕಾರಣವಿಲ್ಲ. ಬರುವ ಜೂನ್ ತಿಂಗಳಲ್ಲಿ ಈ ತಾಲ್ಲೂಕುಗಳ ಒಂದು ಕಾಲೇಜಿನಲ್ಲಾದರೂ ಗೂಟ ನೆಟ್ಟು ಚೆಂಡು ಎಸೆಯಿಸಿ, ಎಡಗೈ ಎತ್ತಿದವಳ ಹೆಸರನ್ನು ಬರೆದಿಟ್ಟುಕೊಂಡರೆ ಈ ಲೇಖನದ ಉದ್ದೇಶ ನೆರವೇರಿದಂತಾಗುವುದು.